ಐವತ್ತು ಗಂಟೆಗಳ ಲೆಕ್ಕ: ಇನ್‌ಸ್ಟ್ರುಮೆಂಟ್ ರೇಟಿಂಗ್ ಮತ್ತು ಕ್ರಾಸ್ ಕಂಟ್ರಿ ಹಾರಾಟ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರಲ್ಲಿ ಹವ್ಯಾಸಕ್ಕಾಗಿ ವಿಮಾನ ಹಾರಿಸಲು ಕಲಿತವರು ಹಲವರಿದ್ದಾರೆ ಎಂಬುದು ಈ ಅಂಕಣಕ್ಕೆ ಬರುವ ಪತ್ರಗಳಿಂದ ತಿಳಿಯುತ್ತದೆ. ಖಾಸಗಿ ಪೈಲಟ್ ಪರವಾನಗಿ ಪಡೆದವರು ಸುತ್ತಲಿನದು ಕಣ್ಣಿಗೆ ಕಾಣುವಷ್ಟು ತಿಳಿಯಾದ ಹವೆಯಲ್ಲಿ ಮಾತ್ರ ಹಾರಬಹುದು. ಮೋಡದೊಳಗೆ ಹೋಗಲು, ಉಪಕರಣಗಳನ್ನಷ್ಟೇ ನಂಬಿ ಹಾರಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಆ ರೇಟಿಂಗಿಗೆ ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎಯ ನಿಯಮಾವಳಿಯಲ್ಲಿ 61.65ನೆಯ ವಿಧಿ ಮುಖ್ಯವಾಗಿ ಎರಡು ಮೊತ್ತಗಳನ್ನು ಕೇಳುತ್ತದೆ. ಮೊದಲನೆಯದು ಪೈಲಟ್ ಇನ್ ಕಮಾಂಡ್ (ವಿಮಾನದ ಮುಖ್ಯ ಪೈಲಟ್), ಅಂದರೆ ಪಿಐಸಿ ಆಗಿ 50 ಗಂಟೆಗಳ ಕ್ರಾಸ್ ಕಂಟ್ರಿ (ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ ಇಳಿಯುವ) ಹಾರಾಟ. ಎರಡನೆಯದು ನಿಜವಾದ ಮೋಡದಲ್ಲಿ ಇಲ್ಲವೇ ಹೊರಗಿನ ನೋಟವನ್ನು ಮರೆಮಾಡುವ ಹುಡ್ ತೊಟ್ಟು 40 ಗಂಟೆಗಳ ಉಪಕರಣ ಹಾರಾಟ. ಬಂದ ಪ್ರಶ್ನೆಗಳಲ್ಲಿ ಬಹುಪಾಲು ಮೊದಲನೆಯ ಮೊತ್ತದ ಕುರಿತೇ ಇರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಪರವಾನಗಿ ಸಿಕ್ಕಿದ ಮೇಲೆ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಮಾಂಟೆರೆ, ಸಲೀನಾಸ್, ಸ್ಟಾಕ್‌ಟನ್, ಮೊಡೆಸ್ಟೊಗಳಿಗೆ ಅನೇಕ ಸಲ ಹೋಗಿಬಂದಿದ್ದೇನೆ. ಎಲ್ಲವನ್ನೂ ಲಾಗ್‌ಬುಕ್‌ನಲ್ಲಿ ಕ್ರಾಸ್ ಕಂಟ್ರಿ ಎಂದೇ ಬರೆದಿದ್ದೇನೆ. ಇವುಗಳಲ್ಲಿ ಒಂದೂ ರೇಟಿಂಗಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಬೋಧಕರು ಹೇಳುತ್ತಿದ್ದಾರೆ. ಇದು ನಿಜವೇ?
— ಓದುಗರೊಬ್ಬರು, ಸ್ಯಾನ್ ಹೋಸೆ

ಉತ್ತರ: ನಿಜ. ನಿಮ್ಮ ಬೋಧಕರು ಸರಿಯಾಗಿಯೇ ಹೇಳಿದ್ದಾರೆ. ಒಂದು ನಿಲ್ದಾಣದಿಂದ ಹೊರಟು, ದಾರಿ ಕಂಡುಕೊಂಡು, ಬೇರೊಂದು ಕಡೆ ಇಳಿದರೆ ಅದನ್ನು ಸಾಮಾನ್ಯ ಅರ್ಥದಲ್ಲಿ ಕ್ರಾಸ್ ಕಂಟ್ರಿ ಎನ್ನಲು ಅಡ್ಡಿಯಿಲ್ಲ. ಆದರೆ ರೇಟಿಂಗಿನ ಅರ್ಹತೆಗಾಗಿ ಲೆಕ್ಕ ಹಾಕುವಾಗ, ಹೊರಟ ಸ್ಥಳದಿಂದ ನೇರ ಗೆರೆಯಲ್ಲಿ 50 ನಾಟಿಕಲ್ ಮೈಲಿಗಿಂತ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿ.ಮೀ.) ಹೆಚ್ಚು ದೂರವಿರುವ ಒಂದು ಕಡೆಯಲ್ಲಾದರೂ ಇಳಿದಿರಬೇಕು. ನೀವು ಬಳಸಿ ಹೋದ ದಾರಿ ಎಷ್ಟು ಉದ್ದವಾಗಿತ್ತು ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ಎಷ್ಟು ಬರುತ್ತದೆ ಎಂಬುದೊಂದೇ ಮುಖ್ಯ. ರೀಡ್-ಹಿಲ್‌ವ್ಯೂವಿನಿಂದ ಹಾಗೆ ಅಳೆದರೆ ಮಾಂಟೆರೆ ಮತ್ತು ಮೊಡೆಸ್ಟೊ ಸುಮಾರು 45, ಸ್ಟಾಕ್‌ಟನ್ ಸುಮಾರು 44, ಸಲೀನಾಸ್ ಸುಮಾರು 41 ನಾಟಿಕಲ್ ಮೈಲಿ. ಆ ಭಾಗದ ಪೈಲಟ್‌ಗಳು ಶನಿವಾರ ಬೆಳಗ್ಗೆ ತಿಂಡಿಗೆಂದು ಹಾರಿಹೋಗುವ ಊರುಗಳೆಲ್ಲ ಹೀಗೆ ಗಡಿಯಿಂದ ಕೂದಲೆಳೆಯಷ್ಟು ಈಚೆಗೇ ಉಳಿದಿರುವುದು ದುರದೃಷ್ಟವೇ ಸರಿ. ಅದೇ ಮರ್ಸೆಡ್ ಸುಮಾರು 62, ಸ್ಯಾಕ್ರಮೆಂಟೊ ಎಕ್ಸಿಕ್ಯೂಟಿವ್ ಸುಮಾರು 72, ಪಾಸೋ ರೋಬ್ಲೆಸ್ ಸುಮಾರು 115 ಮೈಲಿ. ಇವು ಮೂರೂ ಧಾರಾಳವಾಗಿ ಸಲ್ಲುತ್ತವೆ.

ಇದರಲ್ಲಿ ನಿಮಗೆ ಅನುಕೂಲವಾಗುವ ಒಂದು ಅಂಶವೂ ಇದೆ. ಹಾರಾಟದಲ್ಲಿ ಯಾವುದಾದರೂ ಒಂದು ಇಳಿತಾಣ 50 ಮೈಲಿಯಾಚೆ ಇದ್ದರೆ ಸಾಕು, ಆ ಹಾರಾಟದ ಪೂರ್ತಿ ಅವಧಿ ಲೆಕ್ಕಕ್ಕೆ ಸೇರುತ್ತದೆ. ಸಲೀನಾಸ್‌ನಲ್ಲಿ ಇಳಿದು, ಅಲ್ಲಿಂದ ಪಾಸೋ ರೋಬ್ಲೆಸ್‌ಗೆ ಹೋಗಿ, ಮನೆಗೆ ಮರಳಿದರೆ ಸಲೀನಾಸ್‌ವರೆಗಿನ ಸಣ್ಣ ಹಾದಿಯೂ ಸೇರಿ ಎಲ್ಲವೂ ಕ್ರಾಸ್ ಕಂಟ್ರಿಯೇ.

ಇನ್ನೊಂದು ವಿಷಯದಲ್ಲಿ ಎಚ್ಚರ ಬೇಕು; ಉಪಕರಣ ತರಬೇತಿಯಲ್ಲಿರುವವರೇ ಇದರಲ್ಲಿ ಹೆಚ್ಚಾಗಿ ಎಡವುತ್ತಾರೆ. ತರಬೇತಿಯ ಅಪ್ರೋಚ್‌ಗಳು, ಅಂದರೆ ಉಪಕರಣ ನೋಡಿಕೊಂಡು ರನ್‌ವೇಯತ್ತ ಇಳಿದು ಬರುವ ಅಭ್ಯಾಸಗಳು, ಸಾಮಾನ್ಯವಾಗಿ ರನ್‌ವೇ ಮುಟ್ಟುವುದಿಲ್ಲ. ನಿಗದಿತ ಕನಿಷ್ಠ ಎತ್ತರದವರೆಗೆ ಇಳಿದು, ಮಿಸ್ಡ್ ಅಪ್ರೋಚ್ ಮಾಡಿ, ಅಂದರೆ ಇಳಿಯುವುದನ್ನು ಕೈಬಿಟ್ಟು, ಮತ್ತೆ ಮೇಲೇರಿ ಮುಂದಿನದಕ್ಕೆ ತಿರುಗುವುದು ವಾಡಿಕೆ. ಹೀಗೆ ಸ್ಯಾಕ್ರಮೆಂಟೊವರೆಗೆ ಹೋಗಿ, ಮೂರು ಅಪ್ರೋಚ್ ಮಾಡಿ, ಒಂದರಲ್ಲೂ ಚಕ್ರ ನೆಲಕ್ಕೆ ತಾಗಿಸದೆ ಮರಳಿದರೆ, ಎರಡೂವರೆ ಗಂಟೆ ಹಾರಿದರೂ ಕ್ರಾಸ್ ಕಂಟ್ರಿಯ ಕಾಲಂನಲ್ಲಿ ಸೊನ್ನೆಯೇ ಉಳಿಯುತ್ತದೆ. ಆದ್ದರಿಂದ ಕೊನೆಯ ಅಪ್ರೋಚನ್ನಾದರೂ ಇಳಿದೇ ಮುಗಿಸಿ.

ನೀವು ವಿದ್ಯಾರ್ಥಿಯಾಗಿದ್ದಾಗ ಒಬ್ಬರೇ ಮಾಡಿದ ಕ್ರಾಸ್ ಕಂಟ್ರಿ ಹಾರಾಟಗಳು, ಕನಿಷ್ಠವೆಂದರೆ 5 ಗಂಟೆಗಳಷ್ಟು, ಈ 50ರಲ್ಲಿ ಸೇರುತ್ತವೆ. ಆಗ ಬೋಧಕರ ಜೊತೆ ಹಾರಿದ ಗಂಟೆಗಳು ಸೇರುವುದಿಲ್ಲ, ಏಕೆಂದರೆ ಆಗ ನೀವಿನ್ನೂ ಪರವಾನಗಿ ಪಡೆದ ಪೈಲಟ್ ಆಗಿರಲಿಲ್ಲ. ಲಾಗ್‌ಬುಕ್‌ನಲ್ಲಿ 50 ಮೈಲಿಯಾಚೆ ಇಳಿದ ಹಾರಾಟಗಳಿಗೆ ಒಂದು ಕಾಲಂ, ಉಳಿದವಕ್ಕೆ ಬೇರೆ ಕಾಲಂ ಮಾಡಿಕೊಂಡರೆ ಪರೀಕ್ಷಕರ ಎದುರು ಕುಳಿತು ಮೊತ್ತ ಕೂಡಿಸುವ ಮುಜುಗರ ತಪ್ಪುತ್ತದೆ.

ಪ್ರಶ್ನೆ: ನನ್ನ ಬಳಿ 22 ಗಂಟೆಗಳ ಕ್ರಾಸ್ ಕಂಟ್ರಿ ಇದೆ. ಮಿಕ್ಕ 28 ಗಂಟೆಗಳನ್ನು ಮೊದಲು ಒಬ್ಬನೇ ಹಾರಿ ಮುಗಿಸಿಕೊಂಡು ಬಾ, ಅನಂತರ ಉಪಕರಣ ತರಬೇತಿ ಆರಂಭಿಸೋಣ ಎಂದು ನಮ್ಮ ಫ್ಲೈಯಿಂಗ್ ಕ್ಲಬ್‌ನವರು ಹೇಳುತ್ತಾರೆ. ಹಾಗೆ ಮಾಡಲೇಬೇಕೆಂಬ ನಿಯಮವಿದೆಯೇ?
— ಓದುಗರೊಬ್ಬರು, ಆಸ್ಟಿನ್

ಉತ್ತರ: ಅಂಥ ನಿಯಮವಿಲ್ಲ. 50 ಗಂಟೆ ಪೂರ್ಣಗೊಂಡಿರಬೇಕಾದದ್ದು ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ. ತರಬೇತಿಯ ಮೊದಲ ದಿನಕ್ಕಲ್ಲ. ಎರಡೂ ಮೊತ್ತಗಳು ಒಂದರ ಮೇಲೊಂದು ಬರುವಂತೆ ಹಾರಲು ನಿಯಮ ಅವಕಾಶ ಕೊಡುತ್ತದೆ. ಅಮೆರಿಕದ ನಿಯಮಾವಳಿಯಲ್ಲಿ, ತಾನು ಅರ್ಹತೆ ಪಡೆದಿರುವ ವರ್ಗದ ವಿಮಾನದ ನಿಯಂತ್ರಣವನ್ನು ತಾನೊಬ್ಬನೇ ನಿರ್ವಹಿಸುತ್ತಿರುವ ಪೈಲಟ್, ಪಕ್ಕದಲ್ಲಿ ಬೋಧಕರು ಕುಳಿತಿದ್ದರೂ, ಆ ಸಮಯವನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಹಾಗಾಗಿ ನೀವು ಹುಡ್ ತೊಟ್ಟು, ಉಪಕರಣ ಬೋಧಕರ ಜೊತೆ 50 ಮೈಲಿಯಾಚೆಯ ನಿಲ್ದಾಣಕ್ಕೆ ಹೋಗಿ ಇಳಿದು ಬಂದರೆ, ಅದೇ ಹಾರಾಟ ಕ್ರಾಸ್ ಕಂಟ್ರಿ ಪಿಐಸಿಯಾಗಿಯೂ, ಹುಡ್ ತೊಟ್ಟಷ್ಟು ಹೊತ್ತು ಉಪಕರಣ ಹಾರಾಟವಾಗಿಯೂ, ಬೋಧಕರಿಂದ ಪಡೆಯಲೇಬೇಕಾದ ಕನಿಷ್ಠ 15 ಗಂಟೆಗಳ ಉಪಕರಣ ಪಾಠವಾಗಿಯೂ ಮೂರು ಕಡೆ ಸಲ್ಲುತ್ತದೆ.

ಇಲ್ಲಿ ಪಿಐಸಿ ಎಂದು ಬರೆದುಕೊಳ್ಳುವುದು ಬೇರೆ, ಕಾನೂನಿನ ಕಣ್ಣಿನಲ್ಲಿ ಹಾರಾಟದ ಹೊಣೆ ಹೊತ್ತ ಪಿಐಸಿ ಆಗಿರುವುದು ಬೇರೆ ಎಂಬುದನ್ನು ಮರೆಯಬೇಡಿ. ಐಎಫ್‌ಆರ್ (ಉಪಕರಣ ಹಾರಾಟದ ನಿಯಮಗಳ) ಯೋಜನೆಯ ಮೇಲೆ ಮೋಡದೊಳಗೆ ಹಾರುವಾಗ ರೇಟಿಂಗ್ ಇಲ್ಲದ ನೀವು ಹೊಣೆಗಾರರಾಗಲು ಸಾಧ್ಯವಿಲ್ಲ, ಹೊಣೆ ಬೋಧಕರದು. ಆದರೂ ನಿಯಂತ್ರಣ ನಿಮ್ಮ ಕೈಯಲ್ಲಿದ್ದಷ್ಟು ಹೊತ್ತು ಪಿಐಸಿ ಕಾಲಂ ನಿಮ್ಮದೇ.

ಹಾಗೆಂದು 28 ಗಂಟೆಗಳನ್ನೂ ಬೋಧಕರ ಜೊತೆಯಲ್ಲೇ ಮುಗಿಸಿಬಿಡಿ ಎಂದು ನಾನು ಸಲಹೆ ಕೊಡುವುದಿಲ್ಲ. ಆರಂಭದ ಪಾಠಗಳಲ್ಲಿ ದೂರ ಹೋಗುವುದರಿಂದ ಪ್ರಯೋಜನ ಕಡಿಮೆ: ಆರು ಉಪಕರಣಗಳ ಮೇಲೆ ಕಣ್ಣು ಓಡಿಸುವುದನ್ನು, ಸರದಿ ಕಾಯುತ್ತಾ ಹಾಕುವ ಹೋಲ್ಡಿಂಗ್ ಸುತ್ತುಗಳನ್ನು, ಮೊದಲ ಕೆಲವು ಅಪ್ರೋಚ್‌ಗಳನ್ನು ಮನೆಯ ನಿಲ್ದಾಣದ ಹತ್ತಿರದಲ್ಲೇ ಮತ್ತೆ ಮತ್ತೆ ಮಾಡಿ ಕೈಗೆ ಹತ್ತಿಸಿಕೊಳ್ಳಬೇಕು. ತರಬೇತಿಯ ನಡು ಮತ್ತು ಕೊನೆಯ ಭಾಗದ ಪಾಠಗಳನ್ನು ದೂರದ ನಿಲ್ದಾಣಗಳಿಗೆ ಹೊಂದಿಸಿಕೊಳ್ಳಿ. ಒಂದಷ್ಟು ಗಂಟೆಗಳನ್ನು ನೀವೊಬ್ಬರೇ ಹಾರಲು ಉಳಿಸಿಕೊಳ್ಳಿ.

ಒಬ್ಬರೇ ಹಾರುವ ಆ ಗಂಟೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅನೇಕರು ಇವನ್ನು ಹೇಗಾದರೂ ಕಳೆದು ಮುಗಿಸಬೇಕಾದ ಶಿಕ್ಷೆ ಎಂದು ತಿಳಿದು, ಶುಭ್ರ ಆಕಾಶ ನೋಡಿ, ಜಿಪಿಎಸ್ ಪರದೆಯ ಮೇಲಿನ ನೇರಳೆ ಗೆರೆ ಹಿಡಿದು, ಪರಿಚಿತವಾದ ಒಂದೇ ಊರಿಗೆ ಹತ್ತು ಸಲ ಹೋಗಿಬರುತ್ತಾರೆ. ಬಾಡಿಗೆಯ ಹಣವಂತೂ ಖರ್ಚಾಗುತ್ತದೆ, ಕಲಿತದ್ದು ಮಾತ್ರ ಏನೂ ಇರುವುದಿಲ್ಲ. ನಿಯಮ ಈ ಗಂಟೆಗಳನ್ನು ಕೇಳುವುದರ ಹಿಂದಿನ ಕಾರಣವೆಂದರೆ, ಮೋಡದೊಳಗೆ ಕುಳಿತು ಹವೆ, ಇಂಧನ, ರೇಡಿಯೊ, ದಾರಿ ಇವೆಲ್ಲವನ್ನೂ ಏಕಕಾಲಕ್ಕೆ ನಿಭಾಯಿಸಬೇಕಾದವನಿಗೆ, ಈ ಕೆಲಸಗಳಲ್ಲಿ ಹೆಚ್ಚಿನವು ಕಣ್ಣಿಗೆ ನೆಲ ಕಾಣುತ್ತಿರುವಾಗಲೇ ರೂಢಿಯಾಗಿರಬೇಕು. ಆದ್ದರಿಂದ ವಿಎಫ್‌ಆರ್‌ನಲ್ಲಿ (ಕಣ್ಣಿನ ನೋಟದಿಂದ ಹಾರುವ ನಿಯಮಗಳಡಿ) ಹಾರುತ್ತಿದ್ದರೂ ಉಪಕರಣ ಹಾರಾಟದ ನಕ್ಷೆಯಲ್ಲಿರುವ ಏರ್‌ವೇಗಳನ್ನು (ಗೊತ್ತುಪಡಿಸಿದ ವಾಯುಮಾರ್ಗಗಳನ್ನು) ಹಿಡಿದು ಹೋಗಿ; ರೇಡಾರ್ ನಿಯಂತ್ರಕರಿಂದ ಫ್ಲೈಟ್ ಫಾಲೋಯಿಂಗ್ (ರೇಡಾರಿನಲ್ಲಿ ನಿಮ್ಮ ವಿಮಾನದ ಮೇಲೆ ಕಣ್ಣಿಡುವ ಸೇವೆ) ಕೇಳಿ ಪಡೆದು ಅವರ ಮಾತಿನ ಲಯಕ್ಕೆ ಕಿವಿ ಒಗ್ಗಿಸಿಕೊಳ್ಳಿ; ಹೊರಡುವ ಮುನ್ನ ಹವಾ ಮುನ್ಸೂಚನೆಯನ್ನು ಹಾಳೆಯಲ್ಲಿ ಗುರುತು ಹಾಕಿಕೊಂಡು, ಇಳಿದ ಮೇಲೆ ನಿಜವಾಗಿ ಕಂಡ ಮೋಡದ ತಳ, ಗಾಳಿಯ ವೇಗ, ನೋಟದ ದೂರಗಳನ್ನು ಅದರ ಪಕ್ಕದಲ್ಲೇ ಬರೆಯಿರಿ. ಮುನ್ಸೂಚನೆ ಎಲ್ಲಿ, ಯಾವ ಋತುವಿನಲ್ಲಿ, ಎಷ್ಟು ತಪ್ಪುತ್ತದೆ ಎಂಬ ತಿಳಿವಳಿಕೆಯನ್ನು ಯಾವ ಬೋಧಕರೂ ಪಾಠ ಮಾಡಿ ತಲೆಗೆ ತುಂಬಲಾರರು.

ಪ್ರಶ್ನೆ: ನಾವಿಬ್ಬರು ಸ್ನೇಹಿತರು, ಇಬ್ಬರೂ ಖಾಸಗಿ ಪೈಲಟ್‌ಗಳು. ಒಬ್ಬರು ಹುಡ್ ತೊಟ್ಟಾಗ ಇನ್ನೊಬ್ಬರು ಹೊರಗೆ ಕಣ್ಣಿಟ್ಟು ಕಾಯುವ ಸೇಫ್ಟಿ ಪೈಲಟ್ ಆಗಿ ಕೂರುತ್ತಾರೆ. ದೂರದ ಊರಿಗೆ ಹೋಗಿಬಂದರೆ ಇಬ್ಬರಿಗೂ ಕ್ರಾಸ್ ಕಂಟ್ರಿ ಸಿಗುವುದೇ?
— ಓದುಗರಿಬ್ಬರು, ನ್ಯೂಜೆರ್ಸಿ

ಉತ್ತರ: ಹುಡ್ ತೊಟ್ಟು ಹಾರಿಸಿದವರಿಗೆ ಸಿಗುತ್ತದೆ, ಸೇಫ್ಟಿ ಪೈಲಟ್‌ಗೆ ಸಿಗುವುದಿಲ್ಲ. ಆ ಹಾರಾಟಕ್ಕೆ ಪಿಐಸಿಯ ಹೊಣೆಯನ್ನು ತಾನೇ ಹೊರುವುದಾಗಿ ಮೊದಲೇ ಮಾತಾಗಿದ್ದರೆ, ಜೊತೆಗಾರರು ಹುಡ್ ತೊಟ್ಟಿದ್ದಷ್ಟು ಸಮಯವನ್ನು ಸೇಫ್ಟಿ ಪೈಲಟ್ ಪಿಐಸಿ ಎಂದು ಬರೆದುಕೊಳ್ಳಬಹುದು. ಆದರೆ ಕ್ರಾಸ್ ಕಂಟ್ರಿ ಎಂದು ಬರೆದುಕೊಳ್ಳಲು ಎಫ್‌ಎಎಯ ಕಾನೂನು ವಿಭಾಗ ಒಪ್ಪುವುದಿಲ್ಲ. ಹೋಗುವಾಗ ಒಬ್ಬರು, ದೂರದ ಊರಿನಲ್ಲಿ ಇಳಿದ ಮೇಲೆ ಬರುವಾಗ ಇನ್ನೊಬ್ಬರು ಎಂದು ಆಸನ ಬದಲಿಸಿಕೊಳ್ಳುವುದು ನ್ಯಾಯವಾದ ಹಂಚಿಕೆ. ಸೇಫ್ಟಿ ಪೈಲಟ್ ಕೂರುವ ಕಡೆ ನಿಯಂತ್ರಣ ಸಾಧನಗಳಿರಬೇಕು, ಅವರು ಆ ವರ್ಗದ ವಿಮಾನಕ್ಕೆ ಅರ್ಹತೆ ಪಡೆದವರಾಗಿರಬೇಕು, ಮತ್ತು ಅವರ ಹೆಸರು ನಿಮ್ಮ ಲಾಗ್‌ಬುಕ್‌ನಲ್ಲಿರಬೇಕು. ಟ್ಯಾಕ್ಸಿ ಮಾಡಿದ, ಹುಡ್ ಇಲ್ಲದೆ ಮೇಲೇರಿದ ನಿಮಿಷಗಳನ್ನು ಉಪಕರಣದ ಕಾಲಂನಲ್ಲಿ ತುಂಬಬೇಡಿ. ಒಂದೂವರೆ ಗಂಟೆಯ ಹಾರಾಟದಲ್ಲಿ ಒಂದೂವರೆ ಗಂಟೆಯೂ ಹುಡ್ ಎಂದು ಬರೆದ ಲಾಗ್‌ಬುಕ್ಕನ್ನು ಪರೀಕ್ಷಕರು ಅನುಮಾನದಿಂದಲೇ ನೋಡುತ್ತಾರೆ.

ಪ್ರಶ್ನೆ: 250 ನಾಟಿಕಲ್ ಮೈಲಿಯ ಒಂದು ದೊಡ್ಡ ಹಾರಾಟ ಮಾಡಬೇಕಂತೆ. ಅದನ್ನು ಹೇಗೆ ಯೋಜಿಸಬೇಕು, ಅದಕ್ಕೆ ಹೇಗೆ ತಯಾರಾಗಬೇಕು ಎಂದು ಸ್ವಲ್ಪ ವಿವರವಾಗಿ ತಿಳಿಸುವಿರಾ?
— ಓದುಗರೊಬ್ಬರು, ಸ್ಯಾನ್ ರಮೋನ್

ಉತ್ತರ: ಇಡೀ ತರಬೇತಿಯಲ್ಲಿ ಅತ್ಯಂತ ಹೆಚ್ಚು ಕಲಿಸುವ ಹಾರಾಟ ಇದೊಂದೇ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾದರೆ ಓದುಗರು ಸಹಿಸಿಕೊಳ್ಳಬೇಕು.

ನಿಯಮ ಕೇಳುವುದು ಇಷ್ಟು: ಉಪಕರಣ ಬೋಧಕರ ಜೊತೆ, ವಾಯು ಸಂಚಾರ ನಿಯಂತ್ರಣಕ್ಕೆ ಐಎಫ್‌ಆರ್ ಯೋಜನೆ ಸಲ್ಲಿಸಿ, ಏರ್‌ವೇಗಳ ಮೂಲಕ ಅಥವಾ ನಿಯಂತ್ರಕರು ಸೂಚಿಸಿದ ದಾರಿಯಲ್ಲಿ ಒಟ್ಟು 250 ನಾಟಿಕಲ್ ಮೈಲಿ ಹಾರಬೇಕು, ಪ್ರತಿ ನಿಲ್ದಾಣದಲ್ಲೂ ಒಂದು ಉಪಕರಣ ಅಪ್ರೋಚ್ ಮಾಡಬೇಕು, ಒಟ್ಟಾರೆ ಮೂರು ಬಗೆಯ ಅಪ್ರೋಚ್‌ಗಳಾಗಬೇಕು. ಮೋಡ ಇರಲೇಬೇಕೆಂದಿಲ್ಲ. ಆಕಾಶ ತಿಳಿಯಾಗಿದ್ದರೆ ಹುಡ್ ತೊಟ್ಟರಾಯಿತು, ಆದರೆ ಯೋಜನೆ ಮಾತ್ರ ಐಎಫ್‌ಆರ್ ಆಗಿಯೇ ಇರಬೇಕು.

ನಿಮ್ಮ ಪ್ರದೇಶದಿಂದಲೇ ಒಂದು ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರೀಡ್-ಹಿಲ್‌ವ್ಯೂವಿನಿಂದ ಫ್ರೆಸ್ನೊ ಸುಮಾರು 106 ಮೈಲಿ, ಫ್ರೆಸ್ನೊದಿಂದ ಸ್ಯಾಕ್ರಮೆಂಟೊ ಎಕ್ಸಿಕ್ಯೂಟಿವ್ ಸುಮಾರು 134, ಅಲ್ಲಿಂದ ಮನೆಗೆ ಸುಮಾರು 72. ಒಟ್ಟು ನೇರ ಗೆರೆಯಲ್ಲೇ 310ರ ಆಸುಪಾಸು. ಬದಲಿಗೆ ಪಾಸೋ ರೋಬ್ಲೆಸ್, ಮಾಂಟೆರೆಗಳ ಮೂಲಕ ಸುತ್ತಿ ಬಂದರೆ ನೇರ ಗೆರೆಯಲ್ಲಿ 240 ಮಾತ್ರ ಆಗುತ್ತದೆ. ಏರ್‌ವೇಯ ತಿರುವುಗಳಿಂದ ಅದು 250 ದಾಟಬಹುದು. ಆದರೆ ನಿಯಂತ್ರಕರು ಉಪಕಾರ ಮಾಡುವುದಾಗಿ ಭಾವಿಸಿ ನಡುವೆ ನೇರ ದಾರಿ ಕೊಟ್ಟುಬಿಟ್ಟರೆ ದಿನವೆಲ್ಲ ಪಟ್ಟ ಶ್ರಮ ಕೆಲವೇ ಮೈಲಿಗಳಿಂದ ವ್ಯರ್ಥವಾದೀತು. ಇಂಥ ಹಾರಾಟವನ್ನು ಕನಿಷ್ಠಕ್ಕೆ ಅಂಟಿಕೊಂಡು ಯೋಜಿಸುವುದು ಜಾಣತನವಲ್ಲ. ಗಂಟೆಗೆ 110 ನಾಟಿಕಲ್ ಮೈಲಿ ವೇಗದ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಮೊದಲನೆಯ ದಾರಿಗೆ, ಅಪ್ರೋಚ್‌ಗಳಿಗಾಗಿ ಸುತ್ತಿಸುವ ಸಮಯವೂ ಸೇರಿ, ಗಾಳಿಯಲ್ಲೇ ನಾಲ್ಕು ಗಂಟೆ ಹತ್ತಿರವಾಗುತ್ತದೆ. ನೆಲದ ಮೇಲಿನ ಕೆಲಸ, ಇಂಧನ, ಊಟ ಸೇರಿದರೆ ಪೂರ್ತಿ ಒಂದು ದಿನ ಬಿಡುವು ಮಾಡಿಕೊಳ್ಳಿ.

ಮೂರು ಬಗೆಯ ಅಪ್ರೋಚ್ ಎಂದರೆ ರನ್‌ವೇ ಬಳಿಯಿಂದ ಬರುವ ರೇಡಿಯೊ ಕಿರಣ ಹಿಡಿದು ಇಳಿಯುವ ಐಎಲ್‌ಎಸ್, ನೆಲದ ಮೇಲಿನ ರೇಡಿಯೊ ದಿಕ್ಕು ಕೇಂದ್ರವನ್ನು ಆಧರಿಸಿದ ವಿಒಆರ್ ಮತ್ತು ಜಿಪಿಎಸ್ ಆಧಾರಿತ ಆರ್‌ನ್ಯಾವ್ ಆಯ್ದುಕೊಳ್ಳುವುದು ಸುರಕ್ಷಿತ. ಇದರಲ್ಲಿ ವಿಒಆರ್ ದಿನೇ ದಿನೇ ದುರ್ಲಭವಾಗುತ್ತಿದೆ: ಜಿಪಿಎಸ್ ಕೈಕೊಟ್ಟಾಗ ಆಸರೆಯಾಗುವಷ್ಟು ಕೇಂದ್ರಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕ ವಿಒಆರ್ ಕೇಂದ್ರಗಳನ್ನು ಎಫ್‌ಎಎ ಹಂತಹಂತವಾಗಿ ಮುಚ್ಚುತ್ತಿದೆ. ಹೀಗಾಗಿ ಹಳೆಯ ಹಾಳೆಗಳನ್ನೋ ಸ್ನೇಹಿತರ ನೆನಪನ್ನೋ ನಂಬದೆ, ಚಾಲ್ತಿಯಲ್ಲಿರುವ ಅಪ್ರೋಚ್ ಚಾರ್ಟ್‌ಗಳನ್ನೂ ಪೈಲಟ್‌ಗಳಿಗೆ ಹೊರಡಿಸುವ ಆ ದಿನದ ಸೂಚನೆಗಳಾದ ನೋಟಾಮ್‌ಗಳನ್ನೂ ನೋಡಿ ವಿಒಆರ್ ಅಪ್ರೋಚ್ ಇರುವ ನಿಲ್ದಾಣವನ್ನು ಮೊದಲು ಗೊತ್ತು ಮಾಡಿಕೊಂಡು, ಅದರ ಸುತ್ತ ಉಳಿದ ದಾರಿಯನ್ನು ಹೆಣೆಯಿರಿ. ವಿಒಆರ್ ಬಳಸುವುದಾದರೆ ವಿಮಾನದ ವಿಒಆರ್ ರಿಸೀವರನ್ನು ಕಳೆದ 30 ದಿನಗಳೊಳಗೆ ಪರಿಶೀಲಿಸಿ, ದಿನಾಂಕ, ಸ್ಥಳ, ಕಂಡ ದೋಷ ಎಷ್ಟು ಡಿಗ್ರಿ ಎಂಬುದನ್ನು ಬರೆದು ಸಹಿ ಹಾಕಿರಬೇಕು. ಬಾಡಿಗೆಯ ವಿಮಾನಗಳಲ್ಲಿ ಈ ಪುಟ ಖಾಲಿ ಇರುವುದನ್ನು ಹೊರಡುವ ಬೆಳಗ್ಗೆ ಕಂಡು ಪೇಚಾಡುವವರು ಕಡಿಮೆಯೇನಿಲ್ಲ.

ಇಂಧನದ ನಿಯಮ ಸರಳ: ಗಮ್ಯ ನಿಲ್ದಾಣ ತಲುಪಲು, ಬದಲಿ ನಿಲ್ದಾಣ ಬೇಕಾಗಿದ್ದರೆ ಅಲ್ಲಿಗೆ ಹೋಗಲು, ಅದರ ಮೇಲೆ 45 ನಿಮಿಷ ಹಾರಲು ಸಾಕಾಗುವಷ್ಟು. ತಲುಪುವ ಹೊತ್ತಿಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ ಮೋಡದ ತಳ ಕನಿಷ್ಠ 2,000 ಅಡಿ, ನೋಟ ಕನಿಷ್ಠ 3 ಮೈಲಿ ಇರುವುದೆಂಬ ಮುನ್ಸೂಚನೆ ಇಲ್ಲದಿದ್ದರೆ ಬದಲಿ ನಿಲ್ದಾಣವನ್ನು ಯೋಜನೆಯಲ್ಲಿ ನಮೂದಿಸಲೇಬೇಕು. ಮುನ್ಸೂಚನೆ ಚೆನ್ನಾಗಿದ್ದರೂ ಈ ಒಂದು ಹಾರಾಟದಲ್ಲಿ ಅಭ್ಯಾಸಕ್ಕಾಗಿ ಬದಲಿ ನಿಲ್ದಾಣ ಹಾಕಿ, ಅದರ ಇಂಧನವನ್ನೂ ಲೆಕ್ಕ ಹಾಕಿ.

ಇನ್ನು ಹೊಸಬರು ಬೆವರುವ ಜಾಗಕ್ಕೆ ಬರೋಣ. ಎಂಜಿನ್ ಚಾಲೂ ಮಾಡಿ, ಕ್ಲಿಯರೆನ್ಸ್ (ಹಾರಾಟದ ಅನುಮತಿ) ಕೇಳಿದ ಕೂಡಲೇ ನಿಯಂತ್ರಕರು ಒಂದೇ ಉಸಿರಿಗೆ ಐದು ಸಂಗತಿಗಳನ್ನು ಹೇಳಿಬಿಡುತ್ತಾರೆ: ಎಲ್ಲಿಯವರೆಗೆ ಅನುಮತಿ, ಯಾವ ದಾರಿ, ಎಷ್ಟು ಎತ್ತರ, ಮೇಲೇರಿದ ಮೇಲೆ ಮಾತಾಡಬೇಕಾದ ರೇಡಿಯೊ ಆವರ್ತಾಂಕ, ರೇಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ಗೆ ತುಂಬಬೇಕಾದ ನಾಲ್ಕಂಕಿಯ ಸಂಖ್ಯೆ. ಈ ಕ್ರಮ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದ್ದರಿಂದ ರೇಡಿಯೊ ಗುಂಡಿ ಒತ್ತುವ ಮೊದಲೇ ಮಂಡಿಯ ಮೇಲಿನ ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಐದು ಸಾಲುಗಳನ್ನು ಕೆಳಕೆಳಗೆ ಬಿಟ್ಟು, ನೀವು ಸಲ್ಲಿಸಿದ ದಾರಿಯನ್ನು ಎರಡನೆಯ ಸಾಲಿನಲ್ಲಿ ತೆಳುವಾಗಿ ಬರೆದಿಟ್ಟುಕೊಳ್ಳಿ. ಹೇಳಿದ್ದು ಅದೇ ಆದರೆ ಒಂದು ಗೀಟು ಹಾಕಿದರೆ ಸಾಕು, ಬದಲಾಗಿದ್ದರೆ ಬದಲಾದಷ್ಟನ್ನೇ ಬರೆಯಿರಿ. ಬರೆದದ್ದನ್ನು ಪೂರ್ತಿ ಓದಿ ಹೇಳಬೇಕು. ಅರ್ಥವಾಗದ ಹೆಸರನ್ನು ಊಹಿಸಿ ಓದುವುದಕ್ಕಿಂತ ಅಕ್ಷರ ಅಕ್ಷರವಾಗಿ ಮತ್ತೆ ಕೇಳುವುದು ಮೇಲು. ಅದರಿಂದ ಯಾವ ನಿಯಂತ್ರಕರೂ ಬೇಸರಪಟ್ಟುಕೊಳ್ಳುವುದಿಲ್ಲ. ದಾರಿ ಬದಲಾಗಿದ್ದರೆ ಅಲ್ಲೇ ನಿಂತು ಜಿಪಿಎಸ್‌ನಲ್ಲಿ ತಿದ್ದಿ, ನಕ್ಷೆಯಲ್ಲಿ ಬೆರಳಿಟ್ಟು ನೋಡಿದ ಮೇಲೆಯೇ ಚಕ್ರ ಉರುಳಬೇಕು.

ಗಾಳಿಯಲ್ಲಿ ಎರಡನೆಯ ಕಷ್ಟ ಬರುವುದು ನಿಶ್ಚಿಂತೆಯ ರೂಪದಲ್ಲಿ. ಫ್ರೆಸ್ನೊದತ್ತ ಹೋಗುವಾಗ ಅರ್ಧ ಗಂಟೆ ಏನೂ ಕೆಲಸವಿಲ್ಲವೆನಿಸುತ್ತದೆ. ಇದ್ದಕ್ಕಿದ್ದಂತೆ ಇಳಿಯಿರಿ, ತಿರುಗಿರಿ, ಐಎಲ್‌ಎಸ್ ನಿರೀಕ್ಷಿಸಿ ಎಂಬ ಸೂಚನೆಗಳು ಒಂದರ ಹಿಂದೊಂದು ಬಂದಾಗ ಚಾರ್ಟ್ ಇನ್ನೂ ಚೀಲದಲ್ಲಿರುತ್ತದೆ. ಇಳಿಯುವ ನಿಲ್ದಾಣ 40 ಮೈಲಿ ಇರುವಾಗಲೇ ಅಲ್ಲಿನ ಹವೆಯ ಧ್ವನಿಮುದ್ರಿತ ವರದಿ ಕೇಳಿ, ಆವರ್ತಾಂಕ, ಒಳಬರುವ ದಿಕ್ಕು, ಎಷ್ಟು ಎತ್ತರದವರೆಗೆ ಇಳಿಯಬಹುದು, ರನ್‌ವೇ ಕಾಣದಿದ್ದರೆ ಮೊದಲು ಯಾವ ಎತ್ತರಕ್ಕೆ ಏರಿ ಯಾವ ಕಡೆ ತಿರುಗಬೇಕು ಎಂಬುದನ್ನು ಬೋಧಕರಿಗೆ ಗಟ್ಟಿಯಾಗಿ ಹೇಳಿ ಮುಗಿಸಿರಿ.

ಋತುವನ್ನೂ ನೋಡಿ. ಬೇಸಿಗೆಯ ಬೆಳಗಿನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಗೆ ಕಡಲಿಂದ ಬಂದು ಹರಡುವ ತೆಳುವಾದ ತಗ್ಗು ಮೋಡ, ಮೊದಲ ಸಲ ನಿಜವಾದ ಮೋಡದೊಳಗೆ ಹೋಗಲು ಹೇಳಿಮಾಡಿಸಿದಂತಿರುತ್ತದೆ: ಅದರೊಳಗೆ ವಿಮಾನದ ಮೇಲೆ ಹಿಮ ಕಟ್ಟುವ ಭಯವಿಲ್ಲ, ಕೆಲವೇ ನಿಮಿಷಗಳಲ್ಲಿ ಬಿಸಿಲಿಗೆ ಬರುತ್ತೀರಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ನಡು ಕಣಿವೆಯ ಮೇಲೆ ದಿನಗಟ್ಟಲೆ ಕೂರುವ ಟ್ಯೂಲಿ ಎಂಬ ನೆಲಮಂಜಿನ ಕಥೆಯೇ ಬೇರೆ. ಅದು ದಟ್ಟವಾದಾಗ ಐಎಲ್‌ಎಸ್ ಹಿಡಿದು ನೆಲದಿಂದ 200 ಅಡಿಗೆ ಇಳಿದರೂ ರನ್‌ವೇ ಕಾಣುವುದಿಲ್ಲ, ಸ್ಟಾಕ್‌ಟನ್‌ನಿಂದ ಫ್ರೆಸ್ನೊವರೆಗೆ ಬದಲಿ ನಿಲ್ದಾಣಗಳೆಲ್ಲ ಒಟ್ಟಿಗೆ ಮುಚ್ಚಿಹೋಗಬಹುದು. ಚಳಿಗಾಲದ ಬಿರುಮಳೆಯ ಮೋಡಗಳಲ್ಲಿ ಹಿಮ ಕಟ್ಟುತ್ತದೆ; ತರಬೇತಿಯ ಸಣ್ಣ ವಿಮಾನಗಳಿಗೆ ಅದನ್ನು ಎದುರಿಸುವ ಸಾಧನವೂ ಇಲ್ಲ, ಅನುಮತಿಯೂ ಇಲ್ಲ.

ಪ್ರಶ್ನೆ: ನಮ್ಮ ಮಗ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸಣ್ಣ ವಿಮಾನ ಹಾರಿಸುತ್ತಾನೆ. ಈಗ ಮೋಡದೊಳಗೆ ಹಾರುವುದನ್ನು ಕಲಿಯುತ್ತಾನಂತೆ. ಬಿಸಿಲಿರುವಾಗ ಹಾರಿಸುವುದು ಸಾಲದೇ? ಇದನ್ನು ಕಲಿಯದಿದ್ದರೇ ಕ್ಷೇಮವಲ್ಲವೇ?
— ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ತಮ್ಮ ಆತಂಕ ಸಹಜವಾದದ್ದು. ಆದರೆ ಕಲಿಯದಿದ್ದರೇ ಕ್ಷೇಮ ಎಂಬ ಮಾತನ್ನು ಒಪ್ಪುವುದು ಕಷ್ಟ, ಏಕೆಂದರೆ ಬಿಸಿಲಿನಲ್ಲಿ ಹೊರಟವರಿಗೂ ದಾರಿಯಲ್ಲಿ ಮೋಡ ಎದುರಾಗುತ್ತದೆ. ದಿಗಂತ ಕಾಣದಾದಾಗ ನಮ್ಮ ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳತೊಡಗುತ್ತದೆ. ವಿಮಾನ ಒಂದು ಕಡೆಗೆ ವಾಲಿ ಸುರುಳಿಯಾಗಿ ಇಳಿಯುತ್ತಿದ್ದರೂ ನೇರವಾಗಿ ಹೋಗುತ್ತಿರುವಂತೆ ಭಾಸವಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ತರಬೇತಿಯಿಲ್ಲದ 20 ಜನರನ್ನು ಕೃತಕವಾಗಿ ಇಂಥ ಸ್ಥಿತಿಗೆ ಒಳಪಡಿಸಿ ನೋಡಿದಾಗ, ಇಪ್ಪತ್ತು ಜನರೂ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡುಗಳು.

1999ರ ಜುಲೈ 16ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ವಿಮಾನವನ್ನು ತಾವೇ ಹಾರಿಸಿಕೊಂಡು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಡೆಗೆ ಹೋಗುತ್ತಿದ್ದಾಗ, ಮಬ್ಬು ಕವಿದ ಕತ್ತಲೆಯ ಕಡಲಿನ ಮೇಲೆ ದಿಕ್ಕು ತೋಚದಂತಾಗಿ ವಿಮಾನ ನೀರಿಗೆ ಬಿದ್ದು, ಅವರೂ ಅವರ ಪತ್ನಿಯೂ ಪತ್ನಿಯ ಅಕ್ಕನೂ ತೀರಿಕೊಂಡರು. ಅವರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ, ತರಬೇತಿ ಅರ್ಧದಲ್ಲಿತ್ತು. ಅಂದಿನ ಹಾರಾಟಕ್ಕೆ ಕಾನೂನಿನ ಪ್ರಕಾರ ಆ ರೇಟಿಂಗ್ ಬೇಕಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ರೇಟಿಂಗ್ ಬಂದ ಮಾತ್ರಕ್ಕೆ ಎಲ್ಲ ಹವೆಯೂ ಹಾರಲು ಯೋಗ್ಯವಾಗುವುದಿಲ್ಲ. ಸಿಯಾಟಲ್ ಸುತ್ತಮುತ್ತ ವರ್ಷದ ಬಹುಕಾಲ ಮೋಡ, ಪಕ್ಕದಲ್ಲೇ ಕ್ಯಾಸ್ಕೇಡ್ ಬೆಟ್ಟಸಾಲು, ಚಳಿಗಾಲದ ಮೋಡಗಳಲ್ಲಿ ಹಿಮ. ಮಗನೊಡನೆ ಮಾತಾಡುವಾಗ ಕಲಿಯಬೇಡ ಎನ್ನುವ ಬದಲು, ಎಂಥ ಹವೆಯಲ್ಲಿ ಹೊರಡುವುದಿಲ್ಲವೆಂದು ಬರೆದಿಟ್ಟುಕೊಂಡಿದ್ದೀಯಾ ಎಂದು ಕೇಳಿ. ಒಳ್ಳೆಯ ಬೋಧಕರ ಬಳಿ ಕಲಿಯುತ್ತಿದ್ದರೆ ಅವರ ಬಳಿ ಅಂಥ ಒಂದು ಹಾಳೆ ಇದ್ದೇ ಇರುತ್ತದೆ.

ಪ್ರಶ್ನೆ: ಎರಡು ವರ್ಷಗಳಲ್ಲಿ ಬೆಂಗಳೂರಿಗೆ ಮರಳಿ, ಇಲ್ಲಿನ ಪರವಾನಗಿಯನ್ನು ಭಾರತದ ಪರವಾನಗಿಗೆ ಬದಲಾಯಿಸಿಕೊಳ್ಳುವ ಯೋಚನೆಯಿದೆ. ಇಲ್ಲಿ ಹಾರಿದ ಕ್ರಾಸ್ ಕಂಟ್ರಿ ಗಂಟೆಗಳು ಅಲ್ಲಿ ನಡೆಯುತ್ತವೆಯೇ?
— ಓದುಗರೊಬ್ಬರು, ಡಲ್ಲಾಸ್

ಉತ್ತರ: ಸಂಖ್ಯೆಗಳು ಹೊಂದುತ್ತವೆ. 50 ಗಂಟೆ ಕ್ರಾಸ್ ಕಂಟ್ರಿ, 40 ಗಂಟೆ ಉಪಕರಣ ಹಾರಾಟ ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೊದಲನೆಯ ಅನುಬಂಧದಲ್ಲಿಯೇ ಇರುವುದರಿಂದ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಕೇಳುವುದೂ ಅದನ್ನೇ. 40ರಲ್ಲಿ ಸಿಮ್ಯುಲೇಟರಿನ ಪಾಲು 20 ಗಂಟೆ ಮೀರುವಂತಿಲ್ಲ. ತೊಡಕಿರುವುದು ಪಿಐಸಿ ಎಂಬ ಕಾಲಂನಲ್ಲಿ. ಆಸ್ಟಿನ್ ಓದುಗರಿಗೆ ಮೇಲೆ ಹೇಳಿದ ಸೌಲಭ್ಯ, ಅಂದರೆ ಬೋಧಕರು ಪಕ್ಕದಲ್ಲಿದ್ದರೂ ಪಿಐಸಿ ಎಂದು ಬರೆದುಕೊಳ್ಳುವುದು, ಅಮೆರಿಕದ ಪದ್ಧತಿ. ಭಾರತದಲ್ಲಿ ಬೋಧಕರು ಪಾಠ ಹೇಳುತ್ತಿದ್ದ ಸಮಯ ಡ್ಯುಯಲ್ ಮಾತ್ರ, ಪಿಐಸಿ ಅಲ್ಲ. ಅಮೆರಿಕದ ಲೆಕ್ಕದಲ್ಲಿ 50 ಇದ್ದದ್ದು ಭಾರತದಲ್ಲಿ 25ಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಮರಳುವ ಯೋಚನೆ ಇರುವವರು ಬೋಧಕರಿಲ್ಲದೆ ಹಾರಿದ ಕ್ರಾಸ್ ಕಂಟ್ರಿಯನ್ನೇ 50 ಗಂಟೆ ಮಾಡಿಕೊಂಡು, ಅದನ್ನು ಲಾಗ್‌ಬುಕ್‌ನಲ್ಲಿ ಪ್ರತ್ಯೇಕವಾಗಿ ತೋರಿಸುವುದು ಒಳಿತು. ಡಿಜಿಸಿಎಯ ಲಿಖಿತ ಪರೀಕ್ಷೆಗಳನ್ನು ಬೇರೆಯಾಗಿ ಬರೆಯಬೇಕಾಗುತ್ತದೆ.

ಅಮೆರಿಕದಲ್ಲಿ ಬೆಳಗ್ಗೆ ಎದ್ದು ಹವೆ ನೋಡಿ, ಯಾರಿಗೂ ಯೋಜನೆ ಸಲ್ಲಿಸದೆ ಇನ್ನೂರು ಮೈಲಿ ವಿಎಫ್‌ಆರ್ ಹಾರಿಬರುವ ಸ್ವಾತಂತ್ರ್ಯಕ್ಕೆ ಒಗ್ಗಿಹೋದವರು ಭಾರತಕ್ಕೆ ಬಂದಾಗ ಮನಸ್ಸನ್ನು ಸ್ವಲ್ಪ ಸಿದ್ಧಪಡಿಸಿಕೊಳ್ಳಬೇಕು. ಜಕ್ಕೂರಿನಿಂದ ಮೈಸೂರಿಗೆ ಹೋಗುವ ಸಣ್ಣ ವಿಮಾನಕ್ಕೂ ಹಾರಾಟ ಯೋಜನೆ ಬೇಕು, ವಾಯು ರಕ್ಷಣಾ ಅನುಮತಿಯ ಸಂಖ್ಯೆ ಬೇಕು.

ಪ್ರಶ್ನೆ: ನಾನು ಸೇರಿರುವ ಶಾಲೆಯವರು 50 ಗಂಟೆಯ ನಿಯಮ ತಮಗೆ ಅನ್ವಯಿಸುವುದಿಲ್ಲ ಎನ್ನುತ್ತಾರೆ. ಹೀಗೂ ಇರುತ್ತದೆಯೇ?
— ಓದುಗರೊಬ್ಬರು, ಫೀನಿಕ್ಸ್

ಉತ್ತರ: ಇರುತ್ತದೆ. ನಿಮ್ಮ ಶಾಲೆ ನಿಯಮಾವಳಿಯ 141ನೆಯ ಭಾಗದಡಿ ಮಾನ್ಯತೆ ಪಡೆದದ್ದಾಗಿದ್ದರೆ, ಅನುಮೋದಿತ ಪಠ್ಯಕ್ರಮದಲ್ಲಿ 35 ಗಂಟೆಗಳ ಉಪಕರಣ ತರಬೇತಿ ಸಾಕು, 50 ಗಂಟೆಗಳ ಕ್ರಾಸ್ ಕಂಟ್ರಿಯ ಷರತ್ತು ಇಲ್ಲ. 250 ಮೈಲಿಯ ಹಾರಾಟ ಅಲ್ಲಿಯೂ ಇದೆ; ಅದರಲ್ಲಿ ಒಂದು ಹಂತವಾದರೂ ನೇರ ಗೆರೆಯಲ್ಲಿ 100 ಮೈಲಿ ಇರಬೇಕು. ಆದರೆ ಕೆಲಸ ಬದಲಾಗಿ ಬೇರೆ ಊರಿಗೆ ಹೋಗಿ, ಅಲ್ಲಿ ಸ್ವತಂತ್ರ ಬೋಧಕರೊಬ್ಬರ ಬಳಿ ತರಬೇತಿ ಮುಗಿಸಬೇಕಾಗಿ ಬಂದರೆ 61ನೆಯ ಭಾಗದ 50 ಗಂಟೆ ಮತ್ತೆ ಎದುರು ನಿಲ್ಲುತ್ತದೆ. ಹೀಗಾಗಿ ಬಿಡುವಾದಾಗಲೆಲ್ಲ ದೂರ ಹಾರಿ, ಗಂಟೆಗಳನ್ನು ಬರೆದಿಡುತ್ತಾ ಹೋಗಿ.

ಪ್ರಶ್ನೆ: ಸಿಮ್ಯುಲೇಟರ್‌ನಲ್ಲಿ ಸ್ಯಾನ್ ಡಿಯೇಗೊದಿಂದ ಫೀನಿಕ್ಸ್‌ಗೆ ಹಾರಿದರೆ ಅದು ಕ್ರಾಸ್ ಕಂಟ್ರಿ ಆಗುತ್ತದೆಯೇ?
— ಓದುಗರೊಬ್ಬರು, ಸ್ಯಾನ್ ಡಿಯೇಗೊ

ಉತ್ತರ: ಆಗುವುದಿಲ್ಲ. ಎಫ್‌ಎಎ ಅನುಮೋದಿಸಿದ ಸಾಧನವಾದರೆ, ಬೋಧಕರ ಸಮ್ಮುಖದಲ್ಲಿ ಕಳೆದ ಸಮಯದಲ್ಲಿ ಬೇಸಿಕ್ ದರ್ಜೆಯದ್ದಕ್ಕೆ 10 ಗಂಟೆ, ಅಡ್ವಾನ್ಸ್ಡ್ ದರ್ಜೆಯದ್ದಕ್ಕೆ 20 ಗಂಟೆಗಳವರೆಗೆ ಉಪಕರಣ ಹಾರಾಟದ 40ಕ್ಕೆ ಸೇರಿಸಿಕೊಳ್ಳಬಹುದು. ಮನೆಯ ಕಂಪ್ಯೂಟರ್‌ನಲ್ಲಿ ಆಡಿದ ಗಂಟೆಗಳಿಗೆ ಲಾಗ್‌ಬುಕ್‌ನಲ್ಲಿ ಜಾಗವಿಲ್ಲ. ಆದರೆ 250 ಮೈಲಿಯ ಹಾರಾಟದ ಹಿಂದಿನ ರಾತ್ರಿ ಅದೇ ದಾರಿಯನ್ನು, ಅದೇ ಅಪ್ರೋಚ್‌ಗಳನ್ನು ಅದರಲ್ಲಿ ಒಂದು ಸಲ ಹಾರಿ ನೋಡಿದರೆ ಮರುದಿನ ಬಾಡಿಗೆಯ ಮೀಟರ್ ಓಡುತ್ತಿರುವಾಗ ತಡಕಾಡುವುದು ತಪ್ಪುತ್ತದೆ.